ಮೂರರಲ್ಲಿ ಎರಡು ಪಾಲು

1983ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಜನ ವೋಟು ಹಾಕಿ ತಮ್ಮ ಸಂವಿಧಾನಕ್ಕೆ ಒಂದು ವಾಕ್ಯ ಸೇರಿಸಿಕೊಂಡರು. ಇಂಗ್ಲಿಷಿನಲ್ಲಿ ಎಣಿಸಿದರೆ ಸರಿಯಾಗಿ 43 ಪದ. ಇನ್ನೂ ಹುಟ್ಟದ ಕೂಸಿಗೂ ಅದನ್ನು ಹೊತ್ತ ತಾಯಿಗೂ ಬದುಕುವ ಹಕ್ಕು ಸಮಾನ ಎಂಬುದು ಅದರ ಸಾರ. ಆಗಲಿ ಎಂದವರು ನೂರಕ್ಕೆ 66.9. ಮುಂದೆ ಸುಮಾರು 35 ವರ್ಷ ಕಳೆದು, 2018ರ ಮೇ 25ರಂದು, ಅದೇ ದೇಶ ಆ ವಾಕ್ಯವನ್ನು ತೆಗೆದುಹಾಕಿತು. ತೆಗೆಯಿರಿ ಎಂದವರು ನೂರಕ್ಕೆ 66.4. 43 ಪದ ಹೋಗಿ ಆ ಜಾಗಕ್ಕೆ 13 ಪದ ಬಂದವು: ಗರ್ಭಪಾತದ ಬಗ್ಗೆ ಕಾನೂನು ಮಾಡಬಹುದು, ಅಷ್ಟೆ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮೂರರಲ್ಲಿ ಎರಡು ಪಾಲು ಜನ ಕಟ್ಟಿದ್ದನ್ನು ಮೂರರಲ್ಲಿ ಎರಡು ಪಾಲು ಜನವೇ ಕೆಡವಿದರು. ನಡುವಿನ ಅಂತರ ಅರ್ಧ ಪರ್ಸೆಂಟು.

ಎಂಥ ದೇಶ ಅದು ಎಂಬುದು ತಿಳಿಯಬೇಕಾದರೆ 1979ಕ್ಕೆ ಹೋಗಬೇಕು. ಆ ವರ್ಷದ ಸೆಪ್ಟೆಂಬರ್ 29ರಂದು ಪೋಪ್ ಎರಡನೇ ಜಾನ್ ಪಾಲ್ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಬಲಿಪೂಜೆ ಅರ್ಪಿಸಿದಾಗ ನೆರೆದವರು ಸುಮಾರು 12.5 ಲಕ್ಷ. ಇಡೀ ದೇಶದ ಜನಸಂಖ್ಯೆ ಆಗ 34 ಲಕ್ಷ ದಾಟಿರಲಿಲ್ಲ. ನಮ್ಮ ಯಾವ ಜಾತ್ರೆಗೂ ನಾಡಿನ ಮೂರನೇ ಒಂದು ಪಾಲು ಜನ ಒಂದೇ ಬಯಲಿಗೆ ಬಂದು ನಿಂತದ್ದಿಲ್ಲ. ಎರಡು ದಿನ ಕಳೆದು ಲಿಮೆರಿಕ್‌ನಲ್ಲಿ ಪೋಪ್ ಗರ್ಭಪಾತದ ವಿಷಯವನ್ನೂ ಎತ್ತಿದರು. ಗರ್ಭಪಾತ ಅಲ್ಲಿ ಅದಾಗಲೇ ಅಪರಾಧವಾಗಿತ್ತು. 1861ರ ಕಾಯ್ದೆಯಲ್ಲಿ ಜೀವಾವಧಿ ಶಿಕ್ಷೆಯೇ ಇತ್ತು. ಆದರೂ ನಾಳೆ ಯಾವುದೋ ಕೋರ್ಟು ಬಾಗಿಲು ತೆರೆದೀತು ಎಂಬ ಆತಂಕ ಭಕ್ತರಿಗೆ. ಅದಕ್ಕೇ ಸಂವಿಧಾನದ ಬೀಗ.

ಬೀಗ ಬಿದ್ದ ಮೇಲೆ ಏನಾಯಿತು? ಹೆಂಗಸರು ಹಡಗು ಹತ್ತಿದರು, ವಿಮಾನ ಹತ್ತಿದರು, ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದರು. ಬೀಗಕ್ಕೂ ಮುಂಚಿನ ಕೆಲವು ವರ್ಷ ಸೇರಿ, 1980ರಿಂದ 2016ರವರೆಗೆ ಹೀಗೆ ಹೋದವರು 1,70,216. ಇದು ಅಂದಾಜಲ್ಲ, ಕ್ಲಿನಿಕ್ಕಿನ ಅರ್ಜಿಯಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಐರ್ಲೆಂಡ್ ಎಂದು ಬರೆದವರನ್ನು ಒಬ್ಬೊಬ್ಬರಾಗಿ ಕೂಡಿದ ಲೆಕ್ಕ. ಲಂಡನ್ನಿನ ಗೆಳತಿಯ ವಿಳಾಸ ಕೊಟ್ಟವರು, ಏನೂ ಕೊಡದವರು ಇದರಲ್ಲಿಲ್ಲ. 2016ರ ಒಂದೇ ವರ್ಷ 3,265, ಅಂದರೆ ದಿನಕ್ಕೆ ಒಂಬತ್ತು ಜನ. ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ 2011ರಲ್ಲಿ ಇದ್ದವರು ಸುಮಾರು 75 ಸಾವಿರ. ಅಂಥ ಎರಡು ಊರು ತುಂಬಿ ಮಿಗುವಷ್ಟು ಹೆಂಗಸರು ಒಂದು ಕೈಚೀಲ ಹಿಡಿದು, ಮನೆಯಲ್ಲಿ ಬೇರೇನೋ ನೆಪ ಹೇಳಿ, ಹೋಗಿ ಬಂದರು. ಭಾನುವಾರ ಪಕ್ಕದ ಬೆಂಚಿನಲ್ಲಿ ಕೂತು ಪ್ರಾರ್ಥಿಸಿದವರಿಗೂ ಗೊತ್ತಾಗಲಿಲ್ಲ.

ಗಾಲ್ವೇ ಹೆಸರು ಸುಮ್ಮನೆ ಎತ್ತಲಿಲ್ಲ. ನಮ್ಮ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಸಂಸಾರ ಹೂಡಿದ್ದು ಆ ಊರಲ್ಲಿ. ವಯಸ್ಸು 31, ಚೊಚ್ಚಲ ಬಸಿರು, 17 ವಾರ. 2012ರ ಅಕ್ಟೋಬರ್ 21ರ ಭಾನುವಾರ ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಆ ನಡುರಾತ್ರಿ ದಾಟುತ್ತಿದ್ದಂತೆ ಗರ್ಭಚೀಲದ ನೀರು ಒಡೆಯಿತು. ಕೂಸು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಉಳಿಯದ ಮೇಲೆ ತೆಗೆದುಬಿಡಿ ಎಂದು ಆಕೆ ಕೇಳಿದಳು. ಕೂಸಿನ ಎದೆಬಡಿತ ಇನ್ನೂ ಕೇಳಿಸುತ್ತಿತ್ತು. ಆಗುವುದಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು. ಆಡಿದ ಸೂಲಗಿತ್ತಿ ನರ್ಸ್ ಆಮೇಲೆ ಅದನ್ನು ಒಪ್ಪಿಕೊಂಡರು, ನೋಯಿಸಲೆಂದು ಹೇಳಿದ್ದಲ್ಲ, ಇಲ್ಲಿನ ರೀತಿ ತಿಳಿಸಲು ಹೇಳಿದ್ದು ಎಂದರು. ಅದು ನಿಜವೇ ಇರಬೇಕು.

ಬುಧವಾರ ನಸುಕಿನಲ್ಲಿ ಸವಿತಾಗೆ ಚಳಿ ಹತ್ತಿ ಹಲ್ಲು ಕಟಕಟ ಅನ್ನತೊಡಗಿತು. ಇನ್ನೊಂದು ಕಂಬಳಿ ಹೊದಿಸಿದರು. ಆರೂವರೆಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 160. ನಂಜು ರಕ್ತಕ್ಕೆ ಇಳಿದಾಗಿತ್ತು. ಅಂದು ಮಧ್ಯಾಹ್ನ ಕೂಸು ಸತ್ತು ಹೊರಬಂತು. 28ರ ನಸುಕಿನಲ್ಲಿ ತಾಯಿಯೂ ಹೋದಳು. ಭಾನುವಾರದಿಂದ ಭಾನುವಾರಕ್ಕೆ ಏಳು ದಿನ.

ಆಸ್ಪತ್ರೆ ಆಕೆಯ ಸ್ಥಿತಿಯನ್ನು ಸರಿಯಾಗಿ ಗಮನಿಸಲಿಲ್ಲ ಎಂಬುದೂ ತನಿಖೆಯಲ್ಲಿ ಸಾಬೀತಾಯಿತು. ಕೈತಪ್ಪಿದ 13 ಅವಕಾಶಗಳನ್ನು ಒಂದು ವರದಿ ಪಟ್ಟಿ ಮಾಡಿತು. 1983ರ ತಿದ್ದುಪಡಿಯ ಪರ ಇದ್ದವರು ತಪ್ಪು ಕಾನೂನಿನದಲ್ಲ, ಚಿಕಿತ್ಸೆಯದು ಎಂದು ವಾದಿಸಿದ್ದು ಇದರ ಮೇಲೆಯೇ. ಆದರೆ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ಹೇಳಿದ ಮಾತನ್ನು ನನ್ನಿಂದ ಮರೆಯಲಾಗಿಲ್ಲ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದಳು, ಆದರೆ ಆ ಎರಡು ದಿನ ಪ್ರಾಣಕ್ಕೆ ಅಪಾಯವಿರಲಿಲ್ಲವಾಗಿ ಕಾನೂನು ಒಪ್ಪುತ್ತಿರಲಿಲ್ಲ. ಒಪ್ಪುವ ಹೊತ್ತಿಗೆ ಕಾಲ ಮೀರಿತ್ತು. ಬೆಳಗಾವಿಯಲ್ಲಿದ್ದಿದ್ದರೆ? 1971ರ ನಮ್ಮ ಕಾಯ್ದೆ ತಾಯಿಯ ಪ್ರಾಣಕ್ಕೋ ಆರೋಗ್ಯಕ್ಕೋ ಕುತ್ತಿದ್ದಾಗ 20 ವಾರದವರೆಗೆ ಅವಕಾಶ ಕೊಟ್ಟಿತ್ತು. 17, 20ಕ್ಕಿಂತ ಮೂರು ಕಡಿಮೆ.

ಇದನ್ನು ಶ್ರದ್ಧೆಯ ಕ್ರೌರ್ಯ ಎಂದು ಬರೆದು ಮುಗಿಸುವುದು ಸುಲಭ. ನನಗೆ ಹಾಗೆ ಬರೆಯಲು ಮನಸ್ಸಿಲ್ಲ. ಗರ್ಭಪಾತ ಪಾಪ ಎಂಬ ಮಾತು ಕ್ರೈಸ್ತರಲ್ಲಿ ಮೊದಲ ಶತಮಾನಗಳಿಂದಲೂ ಇದೆ. ಎಷ್ಟು ದೊಡ್ಡ ಪಾಪ, ಯಾವ ಹಂತದಲ್ಲಿ ಕೊಲೆಗೆ ಸಮ ಎಂಬುದರಲ್ಲಿ ಮಾತ್ರ ಚರ್ಚೇ ತೂಗಾಡಿದೆ. 1588ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಎಲ್ಲ ಹಂತಕ್ಕೂ ಕೊಲೆಯ ಶಿಕ್ಷೆ ವಿಧಿಸಿದರು. ಮೂರೇ ವರ್ಷಕ್ಕೆ, 1591ರಲ್ಲಿ, ಹದಿನಾಲ್ಕನೇ ಗ್ರೆಗೊರಿ ಅದನ್ನು ಆತ್ಮ ಕೂಡಿದ ಭ್ರೂಣಕ್ಕಷ್ಟೇ ಇಳಿಸಿದರು. ಆ ಭೇದ ಅಳಿದದ್ದು 1869ರಲ್ಲಿ, ಒಂಬತ್ತನೇ ಪಯಸ್ ಕಾಲಕ್ಕೆ. ಅಂದರೆ 278 ವರ್ಷ ರೋಮ್ ಈ ಪ್ರಶ್ನೆಯೊಳಗೆ ಒಂದು ಮೆಟ್ಟಿಲನ್ನು ಉಳಿಸಿಕೊಂಡಿತ್ತು.

2018ರ ಲೆಕ್ಕಕ್ಕೆ ಬನ್ನಿ. 2016ರ ಜನಗಣತಿಯಲ್ಲಿ ನಾನು ಕ್ಯಾಥೊಲಿಕ್ ಎಂದು ಬರೆಸಿದವರು ನೂರಕ್ಕೆ 78. ಉಳಿದವರು 22. ಆ 22 ಮಂದಿಯೂ ತೆಗೆಯಿರಿ ಎಂದೇ ವೋಟು ಹಾಕಿದರು ಎಂದಿಟ್ಟುಕೊಳ್ಳಿ. 66 ಮುಟ್ಟಲು ಇನ್ನೂ 44 ಬೇಕು. ಅವರು ಆ 78ರೊಳಗಿಂದಲೇ ಬರಬೇಕು. ಜನಗಣತಿಯ ತಲೆಯೂ ಮತದಾರನ ತಲೆಯೂ ಒಂದೇ ಅಲ್ಲ, ನಿಜ. ಆದರೂ ಲೆಕ್ಕ ಎತ್ತ ವಾಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಬಿಷಪ್ಪರು ಬೇಡ ಎಂದು ಕಳಕಳಿಯಿಂದ ಕೇಳಿಕೊಂಡ ಮೇಲೂ, ಜ್ಞಾನಸ್ನಾನ ಪಡೆದು, ಅದೇ ಚರ್ಚಿನಲ್ಲಿ ಮದುವೆಯಾಗಿ, ಅಲ್ಲೇ ಅಪ್ಪ ಅಮ್ಮನ ಮಣ್ಣು ಮಾಡಿದ ಲಕ್ಷಾಂತರ ಜನ ಆ 14,29,981 ವೋಟುಗಳೊಳಗೆ ಇದ್ದರು. ವಾದ ನಡೆದದ್ದು ಆಸ್ತಿಕರಿಗೂ ನಾಸ್ತಿಕರಿಗೂ ಅಲ್ಲ. ಒಂದೇ ಮನೆಯ ಊಟದ ಮೇಜಿನ ಸುತ್ತ, ಬಹಳ ಸಲ ಒಂದೇ ಎದೆಯೊಳಗೆ.

ಬೇಡ ಎಂದವರೂ ಕಡಿಮೆಯಿಲ್ಲ: 7,23,632. ನಲವತ್ತು ಕ್ಷೇತ್ರಗಳಲ್ಲಿ ಡೊನೆಗಲ್ ಒಂದೇ ಬೇಡ ಎಂದಿತು. ಕೂಸಿನ ಪರವಾಗಿ ಮಾತಾಡಲು ತಾವಲ್ಲದೆ ಯಾರೂ ಇಲ್ಲ ಎಂದು ನಂಬಿ ಹೊರಟವರು ಅವರಲ್ಲಿದ್ದರು. ಆ ನಂಬಿಕೆಯನ್ನು ನಾನು ಒಪ್ಪದಿದ್ದರೂ ಅದಕ್ಕೆ ತಲೆಬಾಗುತ್ತೇನೆ.

ವೋಟಿನ ಆ ವಾರ ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆಯ ತುಂಬ ಸವಿತಾಳ ಮುಖ ಬರೆದಿದ್ದರು. ವೋಟು ಹಾಕಿ ಬಂದವರು ಪುಟ್ಟ ಬಣ್ಣದ ಚೀಟಿಗಳಲ್ಲಿ ಬರೆದು ಅದರ ಸುತ್ತ ಅಂಟಿಸತೊಡಗಿದರು. ಒಂದು, ಹತ್ತು, ಆಮೇಲೆ ನೂರಾರು. ಸಾರಿ ಎಂಬ ಒಂದೇ ಪದ ಚೀಟಿಯಿಂದ ಚೀಟಿಗೆ. ಆ ಚೀಟಿಗಳನ್ನು ಜೋಪಾನವಾಗಿ ಬಿಡಿಸಿ ತೆಗೆದು ಡಬ್ಲಿನ್ ನಗರದ ಗ್ರಂಥಾಲಯದ ದಾಖಲೆ ಸಂಗ್ರಹಕ್ಕೆ ಸೇರಿಸಿದ್ದಾರೆ.