ಬೋರ್ಡೋ ದ್ರಾವಣದಲ್ಲಿ ಆಮ್ಲ ಮತ್ತು ಕ್ಷಾರ: ಸುಣ್ಣ ಏಕೆ, ಎಷ್ಟು, ಎಂತಹುದು?

ಮುಂಗಾರು ಆರಂಭವಾಗುವ ಮುನ್ನ ಅಡಿಕೆ ಗೊನೆಗಳಿಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡು ಹಾಗೂ ಕರಾವಳಿಯ ಬೆಳೆಗಾರರಿಗೆ ಹೊಸ ವಿಷಯವಲ್ಲ. ಮೈಸೂರು ಸಂಸ್ಥಾನದ ಶಿಲೀಂಧ್ರ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಒಂದು ಶತಮಾನದ ಬಳಕೆಯ ನಂತರವೂ ‘ಔಷಧಿ ಹೊಡೆದರೂ ಕೊಳೆ ಬಂತು’, ‘ಹೊಡೆದ ಮೇಲೆ ಎಳೆಕಾಯಿ ಸುಟ್ಟಂತಾಯಿತು’ ಎಂಬ ಮಾತು ಮಳೆಗಾಲದಲ್ಲಿ ಕೇಳಿಬರುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಮಾತ್ರ ಸಂಪೂರ್ಣವಾಗಿ ನಿಮ್ಮ ಕೈಯಲ್ಲಿದೆ. ಅದು ಪೀಪಾಯಿಯೊಳಗೆ ನಡೆಯುವ ಆಮ್ಲ ಮತ್ತು ಕ್ಷಾರಗಳ ಕ್ರಿಯೆ.

ಹುಣಸೆ, ನಿಂಬೆ, ಹುಳಿಮಜ್ಜಿಗೆ ಇವೆಲ್ಲ ಆಮ್ಲಗುಣದವು. ನೀರಿನಲ್ಲಿ ಜಲಜನಕದ ಅಯಾನುಗಳನ್ನು ಹೆಚ್ಚಿಸುವ ವಸ್ತುವೇ ಆಮ್ಲ. ಸುಣ್ಣ, ಬೂದಿ, ಬಟ್ಟೆ ಸೋಡಾ ಕ್ಷಾರಗುಣದವು. ಇವು ಜಲಜನಕದ ಅಯಾನುಗಳನ್ನು ಕಡಿಮೆ ಮಾಡುತ್ತವೆ. ಇದನ್ನು ಅಳೆಯುವ ಮಾನವೇ ರಸಸಾರ. ಸಾಮಾನ್ಯವಾಗಿ ಇದನ್ನು 0ಯಿಂದ 14ರವರೆಗೆ ಗುರುತಿಸಲಾಗುತ್ತದೆ. 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ. ರಸಸಾರ 4 ಇರುವ ದ್ರಾವಣವು 6 ಇರುವ ದ್ರಾವಣಕ್ಕಿಂತ ನೂರು ಪಟ್ಟು ಹೆಚ್ಚು ಆಮ್ಲೀಯ.

ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿದಾಗ ದೊರೆಯುವ ನೀಲಿ ದ್ರಾವಣವು ಆಮ್ಲೀಯ. ಅದರಲ್ಲಿರುವ ತಾಮ್ರ ಪೂರ್ಣವಾಗಿ ಕರಗಿದ ಸ್ಥಿತಿಯಲ್ಲಿರುತ್ತದೆ. ಅದನ್ನು ಹಾಗೆಯೇ ಸಿಂಪಡಿಸಿದರೆ ತಾಮ್ರವು ಎಳೆಯ ಅಂಗಾಂಶದೊಳಗೆ ಇಳಿದು ಸುಡುತ್ತದೆ. ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ. ಸುಣ್ಣದ ಹಾಲು ಸೇರಿದಾಗ ಆಮ್ಲೀಯತೆ ಕಳೆದು, ತಾಮ್ರವು ನೀರಿನಲ್ಲಿ ಕರಗದ ಅತಿ ಸಣ್ಣ ಕಣಗಳಾಗಿ ಮಾರ್ಪಡುತ್ತದೆ. ಆಕಾಶನೀಲಿ ಬಣ್ಣದ ಆ ಕಣಗಳೇ ನಿಜವಾದ ಔಷಧಿ. ಕಾಯಿಯ ಮೇಲೆ ಪದರವಾಗಿ ಅಂಟಿ ಕುಳಿತು, ತೇವದಲ್ಲಿ ಅಲ್ಪಸ್ವಲ್ಪವೇ ತಾಮ್ರವನ್ನು ಬಿಡುತ್ತ, ಫೈಟಾಫ್ತೊರಾ ರೋಗಾಣು ಮೊಳೆಯುವ ಮೊದಲೇ ಅದನ್ನು ಕೊಲ್ಲುತ್ತವೆ. ಆದ್ದರಿಂದ ಸುಣ್ಣವು ಇಲ್ಲಿ ಬಣ್ಣಕ್ಕಾಗಲಿ ಅಂಟಿಗಾಗಲಿ ಸೇರಿಸುವ ವಸ್ತುವಲ್ಲ. ಅದಿಲ್ಲದೆ ಬೋರ್ಡೋ ದ್ರಾವಣವೇ ಇಲ್ಲ.

ಹಾಗಾದರೆ ಸುಣ್ಣ ಎಷ್ಟು ಬೇಕು? ಶಿಫಾರಸು ಎಲ್ಲರಿಗೂ ತಿಳಿದಿದೆ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿ.ಗ್ರಾಂ, ಸುಣ್ಣ 1 ಕಿ.ಗ್ರಾಂ. ಆದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಕಿ.ಗ್ರಾಂ ಮೈಲುತುತ್ತಕ್ಕೆ ಸುಮಾರು 225 ಗ್ರಾಂ ಶುದ್ಧ ಸುಟ್ಟ ಸುಣ್ಣ ಸಾಕು. ಇದನ್ನೋದಿ ಸುಣ್ಣ ಕಡಿಮೆ ಮಾಡಲು ಹೊರಡಬೇಡಿ! ಪೇಟೆಯಲ್ಲಿ ಸಿಗುವ ಸುಣ್ಣ ಶುದ್ಧವಲ್ಲ. ಕಲ್ಲು, ಮಣ್ಣು, ಸರಿಯಾಗಿ ಸುಡದ ಚೂರು ಅದರಲ್ಲಿ ಸೇರಿರುತ್ತವೆ. ಅದಕ್ಕಿಂತ ಮುಖ್ಯವಾದುದು ಸುಣ್ಣದ ವಯಸ್ಸು. ಗಾಳಿಗೆ ತೆರೆದಿಟ್ಟ ಸುಣ್ಣವು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಿನ ಪುಡಿಯೇ ಆಗಿಬಿಡುತ್ತದೆ. ನೋಡಲು ಅದೇ ಬಿಳುಪು, ತೂಕವೂ ಸರಿಯಾಗಿಯೇ ಇರುತ್ತದೆ. ಕ್ಷಾರದ ಶಕ್ತಿ ಮಾತ್ರ ಬಹುಪಾಲು ಹೋಗಿರುತ್ತದೆ. ಕಳೆದ ವರ್ಷದ ಅರ್ಧ ಚೀಲವನ್ನು ಈ ವರ್ಷ ಬಳಸುವುದರಿಂದ ಉಳಿಯುವ ಹಣ ಅತ್ಯಲ್ಪ, ಹೋಗುವುದು ಫಸಲು.

ಪರೀಕ್ಷೆ ಸುಲಭ. ಹೊಸದಾಗಿ ಸುಟ್ಟ ಕಲ್ಲುಸುಣ್ಣ ಅಥವಾ ಚಿಪ್ಪುಸುಣ್ಣದ ಮೇಲೆ ನೀರು ಚಿಮುಕಿಸಿದರೆ ಬಿಸಿಯೇರಿ, ಸದ್ದು ಮಾಡುತ್ತ ಅರಳಿ ಪುಡಿಯಾಗುತ್ತದೆ. ಅರಳಿದ ಪುಡಿಸುಣ್ಣವಾದರೆ ಚಿಟಿಕೆಯಷ್ಟು ತೆಗೆದುಕೊಂಡು ನಿಂಬೆರಸ ಹಿಂಡಿ; ನೊರೆನೊರೆಯಾಗಿ ಗುಳ್ಳೆಯೆದ್ದರೆ ಅದರ ಹೆಚ್ಚಿನ ಭಾಗ ಸತ್ವ ಕಳೆದುಕೊಂಡಿದೆ ಎಂದು ತಿಳಿಯಿರಿ.

ತಯಾರಿಸುವಾಗ ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕದಡಿ, ಸುಣ್ಣದ ಹಾಲನ್ನು ಸೋಸಿಕೊಳ್ಳಿ. ಮೈಲುತುತ್ತದ ದ್ರಾವಣವನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಹೀಗೆ ಮಾಡಿದಾಗ ತಾಮ್ರವು ಮೊದಲಿನಿಂದ ಕೊನೆಯವರೆಗೂ ಕ್ಷಾರದಲ್ಲೇ ಬೆರೆಯುತ್ತದೆ. ಕಣಗಳು ನಯವಾಗಿ, ಬೇಗ ತಳಕ್ಕಿಳಿಯದಂತೆ ಇರುತ್ತವೆ. ಪ್ಲಾಸ್ಟಿಕ್, ಮರ ಅಥವಾ ಮಣ್ಣಿನ ಪಾತ್ರೆಯನ್ನೇ ಬಳಸಿ. ಕಬ್ಬಿಣದ ಪೀಪಾಯಿ ಬೇಡ.

ಕೊನೆಗಾರರು ಮರ ಹತ್ತುವ ಮೊದಲು ಉಜ್ಜಿ ಹೊಳಪುಗೊಳಿಸಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ. ಆಗ ಲೇಪ ಕಾಣದಾಗುವವರೆಗೆ ಸುಣ್ಣದ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಪ್ರತಿ ಸಲವೂ ಅಲಗನ್ನು ಉಜ್ಜಿ ಮತ್ತೆ ಪರೀಕ್ಷಿಸಿ. ನೀಲಿ ಲಿಟ್ಮಸ್ ಕಾಗದ ಕೆಂಪಾದರೂ ಅರ್ಥ ಅದೇ. ರಸಸಾರ 7ಕ್ಕಿಂತ ಕೆಳಗಿರಬಾರದು. ಆರತಿಗೆ ಅರಿಸಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದನ್ನು ಕಂಡ ಕೆಲವರು ಅರಿಸಿನವನ್ನೇ ಪರೀಕ್ಷೆಗೆ ಬಳಸಲು ಬಯಸಬಹುದು. ಅರಿಸಿನವು ಕ್ಷಾರವನ್ನು ತೋರಿಸುತ್ತದೆ. ಆಮ್ಲದಲ್ಲಿಯೂ ತಟಸ್ಥ ನೀರಿನಲ್ಲಿಯೂ ಹಳದಿಯಾಗಿಯೇ ಇರುವುದರಿಂದ ಅವೆರಡನ್ನು ಬೇರ್ಪಡಿಸಿ ತೋರಿಸಲಾರದು.

ಸುಣ್ಣ ಮಿತಿಮೀರಿದರೂ ತೊಂದರೆಯಿದೆ. ತಾಮ್ರ ಬಿಡುಗಡೆಯಾಗುವುದು ತಡವಾಗುತ್ತದೆ, ಸಿಂಪರಣಾ ಯಂತ್ರದ ಮೂತಿ ಕಟ್ಟಿಕೊಳ್ಳುತ್ತದೆ. ಹಲವು ಕೀಟನಾಶಕಗಳು ಕ್ಷಾರದಲ್ಲಿ ಒಡೆದು ನಿಷ್ಪ್ರಯೋಜಕವಾಗುವುದರಿಂದ ಈ ದ್ರಾವಣದೊಂದಿಗೆ ಅವುಗಳನ್ನು ಬೆರೆಸಬೇಡಿ. ತಯಾರಿಸಿದ ದ್ರಾವಣವನ್ನು ಅದೇ ದಿನ ಮುಗಿಸಿ; ಮರುದಿನಕ್ಕೆ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಎಷ್ಟು ಕಲಕಿದರೂ ಗೊನೆಗೆ ಮೊದಲಿನಂತೆ ಅಂಟುವುದಿಲ್ಲ.