ಮೈಲುತುತ್ತವನ್ನು ನೀರಿನಲ್ಲಿ ತೂಗುಹಾಕುವುದೇಕೆ?

ಮುಂಗಾರು ಹತ್ತಿರವಾದಂತೆ ಅಡಿಕೆ ತೋಟಗಳಲ್ಲಿ ಕೊಳೆರೋಗದ ಹತೋಟಿಗೆ ಬೋರ್ಡೋ ದ್ರಾವಣದ ಸಿದ್ಧತೆ ಆರಂಭವಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಭ್ಯಸಿಸಿದ ಡಾ. ಲೆಸ್ಲಿ ಕೋಲ್ಮನ್ ಅವರ ಪುಸ್ತಿಕೆ ಪ್ರಕಟವಾದದ್ದು 1910ರಲ್ಲಿ. ಶೇಕಡ 1ರ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು. ಈ ಅಳತೆ ಬೆಳೆಗಾರರಿಗೆ ಬಾಯಿಪಾಠ. ಆದರೂ ಹರಳುಗಳನ್ನು ಪಾತ್ರೆಯ ತಳಕ್ಕೆ ಸುರಿದು, ಬೆಳಿಗ್ಗೆ ಅವು ಕರಗದೆ ಉಳಿದುದನ್ನು ಕಂಡು ಸರಕನ್ನು ದೂರುವವರುಂಟು.

ತಪ್ಪು ಸರಕಿನದಲ್ಲ. ತುತ್ತ ಕರಗಿದ ನೀರು ಬರಿಯ ನೀರಿಗಿಂತ ಭಾರ. ಹರಳು ತಳದಲ್ಲಿದ್ದರೆ ಈ ಕಡುನೀಲಿ ನೀರು ಅದರ ಸುತ್ತಲೇ ನಿಂತುಬಿಡುತ್ತದೆ. ಅದಕ್ಕೆ ಇನ್ನಷ್ಟು ಕರಗಿಸುವ ಶಕ್ತಿಯಿಲ್ಲ. ಮೇಲಿನ ತಿಳಿನೀರಿಗೆ ಹರಳು ಎಟಕುವುದಿಲ್ಲ. ಹರಳುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿರಿ. ನೀಲಿ ನೀರು ಎಳೆಎಳೆಯಾಗಿ ಕೆಳಗಿಳಿಯುತ್ತದೆ, ಆ ಜಾಗಕ್ಕೆ ತಿಳಿನೀರು ಬರುತ್ತದೆ. ಕದಡುವ ಕೆಲಸವನ್ನು ತುತ್ತದ ಭಾರವೇ ಮಾಡಿಕೊಡುತ್ತದೆ. ಗಾಜಿನ ಲೋಟದಲ್ಲಿ ಒಂದು ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ. (ಆ ಲೋಟವನ್ನು ಮತ್ತೆ ಕುಡಿಯಲು ಬಳಸಬೇಡಿ.) ಕಬ್ಬಿಣದ ಪಾತ್ರೆ ಸಲ್ಲದು, ತಾಮ್ರವೆಲ್ಲ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ.

ಸುಣ್ಣದ ಹಾಲಿಗೆ ತುತ್ತದ ನೀರನ್ನು ಸೇರಿಸಿದ ಮೇಲೆ ಕಥೆ ಬೇರೆ. ಹೆಸರು ದ್ರಾವಣವಾದರೂ ಅದರಲ್ಲಿ ತಾಮ್ರ ಕರಗಿರುವುದಿಲ್ಲ. ನವಿರಾದ ನೀಲಿ ಕಣಗಳಾಗಿ ತೇಲುತ್ತಿರುತ್ತದೆ. ತೇಲುವ ಕಣ ಎಷ್ಟು ಬೇಗ ತಳ ಸೇರುವುದೆಂಬುದು ಅದರ ಗಾತ್ರದ ಮೇಲಿದೆ. ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ತೋರಿಸಿದಂತೆ, ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ಮಣ್ಣು ಕದಡಿದ ನೀರನ್ನೇ ನೋಡಿ: 0.02 ಮಿ.ಮೀ. ಕಣವು 10 ಸೆಂ.ಮೀ. ಇಳಿಯಲು ಸುಮಾರು 5 ನಿಮಿಷ ಸಾಕು, 0.002 ಮಿ.ಮೀ.ನ ಜೇಡಿ ಕಣಕ್ಕೆ ಸುಮಾರು 8 ಗಂಟೆ ಬೇಕು.

ಆದ್ದರಿಂದ ಬೋರ್ಡೋ ಕಣಗಳು ನವಿರಾಗಿಯೇ ಹುಟ್ಟಬೇಕು. ಎರಡನ್ನೂ ತಲಾ 50 ಲೀಟರ್ ತಣ್ಣೀರಿನಲ್ಲಿ ಸಿದ್ಧಪಡಿಸಿ, ತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಸುರಿಯುತ್ತ ಬಿಡದೆ ಕಲಕಿರಿ. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ಹಾಲು ಸೇರಿಸಿರಿ. ಸಿಂಪಡಿಸುವಾಗಲೂ ಆಗಾಗ್ಗೆ ಕಲಕದಿದ್ದರೆ ಒಂದು ಮರಕ್ಕೆ ನೀರು, ಇನ್ನೊಂದಕ್ಕೆ ಗಸಿ ಎಂಬಂತಾದೀತು.

ಇಟ್ಟ ದ್ರಾವಣದಲ್ಲಿ ಕಣಗಳು ದೊಡ್ಡ ಹರಳುಗಳಾಗಿ ಬೆಳೆದು ತಳ ಸೇರುತ್ತವೆ. ಅವನ್ನು ಮತ್ತೆ ಕಲಕಿದರೂ ಮೊದಲಿನ ಅಂಟುಗುಣ ಬಾರದು. ಜಡಿಮಳೆಗೆ ಗೊನೆಯಿಂದ ತೊಳೆದುಹೋಗುತ್ತದೆ. ಮಾಡಿದ್ದನ್ನು ಅಂದೇ ಮುಗಿಸಿರಿ. ಮಳೆ ಬಿಡುವು ಕೊಡುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ತುತ್ತದ ನೀರು, ಸುಣ್ಣದ ಹಾಲು ಎರಡನ್ನೂ ಬೇರೆಬೇರೆಯಾಗಿ ಮುಚ್ಚಿಟ್ಟು, ಕೊಟ್ಟೆ ಕಟ್ಟುವವನೋ ಮರ ಹತ್ತುವವನೋ ತೋಟಕ್ಕೆ ಬಂದ ಮೇಲೆಯೇ ಬೆರೆಸಿರಿ.