ಎಂಜಿನ್ ಬಂದ್ ಬಿದ್ದರೆ ವಿಮಾನ ಬೀಳುತ್ತದೆಯೇ?

ಬೀದರ್ ಜಿಲ್ಲೆಯವರಿಗೆ ವಿಮಾನದ ಸದ್ದು ಹೊಸದಲ್ಲ. ಸಂತಪುರದ ತೊಗರಿ ಹೊಲದಲ್ಲಿ ಎಡೆ ಹೊಡೆಯುವವರು ತಲೆ ಎತ್ತದೆಯೇ ‘ಏರ್‌ಫೋರ್ಸಿಂದು’ ಎನ್ನುತ್ತಾರೆ. ಆದರೆ ಖುಷಿಗಾಗಿ ಹಾರಿಸುವ ಎರಡು ಸೀಟಿನ, ನಾಲ್ಕು ಸೀಟಿನ ಪುಟ್ಟ ವಿಮಾನಗಳ ಬಗ್ಗೆ ನಮಗೆ ತಿಳಿದಿರುವುದು ಸಿನಿಮಾದಲ್ಲಿ ಕಂಡಷ್ಟು, ವಾಟ್ಸ್‌ಆ್ಯಪ್‌ನಲ್ಲಿ ಬಂದಷ್ಟು. ಅಮೆರಿಕದಲ್ಲಿ ಕೆಲಸಕ್ಕಿರುವ ಮಗನೋ ಅಳಿಯನೋ ಭಾನುವಾರ ಬಾಡಿಗೆ ವಿಮಾನ ಹಾರಿಸಿದ ಫೋಟೊ ಕಳಿಸಿದರೆ ಇಲ್ಲಿ ಹಿರಿಯರ ಎದೆ ಹಾರುತ್ತದೆ. “ಇಷ್ಟು ಸಣ್ಣ ವಿಮಾನದಾಗ ಯಾಕ ಹೋಗ್ತಾನ? ಎಂಜಿನ್ ಬಂದ್ ಬಿತ್ತಂದ್ರ ಕಥಿ ಮುಗೀತು” ಎನ್ನುತ್ತಾರೆ. ಆ ಕಾಳಜಿ ನಿಜವಾದದ್ದು. ಅದರ ಹಿಂದಿರುವ ತಿಳಿವಳಿಕೆ ಮಾತ್ರ ಬಹುಪಾಲು ತಪ್ಪು.

ಮೊದಲು ನಮ್ಮ ತಲೆಯ ಮೇಲಿನ ವಿಮಾನಗಳ ವಿಷಯ. ಸಂತಪುರ, ಭಾಲ್ಕಿ, ಔರಾದ ಕಡೆ ಸುತ್ತು ಹೊಡೆಯುವುದು ಶೋಕಿಯ ವಿಮಾನ ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. ಬೀದರ್ ವಾಯುಪಡೆಯ ತರಬೇತಿ ಕೇಂದ್ರ. ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿಯೇ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳೊಂದಿಗೆ. ಈಗ ಆ ತಂಡ ಹಾರಿಸುವುದು ಹಾಕ್ ವಿಮಾನ. ಅದರಲ್ಲೂ ಎರಡೇ ಸೀಟು, ನೆಲದಿಂದ ಸಣ್ಣದಾಗಿಯೇ ಕಾಣುತ್ತದೆ. ಆದರೆ ಅದು ಗಂಟೆಗೆ ಸಾವಿರ ಕಿಲೋಮೀಟರ್ ವೇಗದ ಆಸುಪಾಸು ಮುಟ್ಟಬಲ್ಲ ಜೆಟ್. ಹವ್ಯಾಸಿ ಪೈಲಟ್ ಹಾರಿಸುವ ಸೆಸ್ನಾ 172ಕ್ಕೆ ಮೂಗಿನಲ್ಲಿ ಒಂದು ಪ್ರೊಪೆಲರ್. ವೇಗ ಗಂಟೆಗೆ 220 ಕಿಲೋಮೀಟರಿನ ಸುತ್ತಮುತ್ತ. ಎರಡಕ್ಕೂ ರೆಕ್ಕೆ ಇದೆ ಎನ್ನುವುದನ್ನು ಬಿಟ್ಟರೆ ಹೋಲಿಕೆ ಕಡಿಮೆ.

“2020ರ ಫೆಬ್ರುವರಿಯಲ್ಲಿ ಬೀದರ್‌ಗೆ ಏರ್‌ಪೋರ್ಟ್ ಬಂತಲ್ಲ, ಇನ್ನು ಯಾರಾದರೂ ವಿಮಾನ ತಂದು ಇಳಿಸಬಹುದು” ಎಂಬ ಮಾತೂ ಇದೆ. ಅಂದು ಉದ್ಘಾಟನೆಯಾದದ್ದು ನಾಗರಿಕ ಟರ್ಮಿನಲ್. ರನ್‌ವೇ ವಾಯುಪಡೆಯದೇ. ಅದರ ಅನುಮತಿ ಇಲ್ಲದೆ ಖಾಸಗಿ ವಿಮಾನ ಅಲ್ಲಿ ಇಳಿಯುವಂತಿಲ್ಲ, ಸುತ್ತಲಿನ ಆಕಾಶದಲ್ಲಿ ಬೇಕಾದಂತೆ ತಿರುಗುವಂತೆಯೂ ಇಲ್ಲ. ದೇಶದ ಬೇರೆಡೆಯೂ ಊರಿಂದೂರಿಗೆ ಹಾರಬೇಕಾದರೆ ಮೊದಲೇ ಫ್ಲೈಟ್ ಪ್ಲ್ಯಾನ್ ಕೊಟ್ಟು, ವಾಯು ರಕ್ಷಣೆಯ ಅನುಮತಿ ಸಂಖ್ಯೆ ಪಡೆದೇ ಹೊರಡಬೇಕು. ಸ್ವಂತ ವಿಮಾನವಿದೆ ಎಂದು ಬೈಕಿನ ಕೀಲಿ ತಿರುಗಿಸಿದ ಹಾಗೆ ಹೊರಟುಬಿಡಲು ಬರುವುದಿಲ್ಲ.

ಈಗ ಎಂಜಿನ್ನಿನ ವಿಷಯ. ಜನರನ್ನು ಹೆಚ್ಚು ಹೆದರಿಸುವುದೇ ಇದು, ಸ್ವಲ್ಪ ವಿವರವಾಗಿ ಹೇಳಬೇಕು.

ವಿಮಾನವನ್ನು ಎತ್ತಿ ಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಗಾಳಿ ಹರಿಯುತ್ತಿರುವವರೆಗೆ ಅದು ಎತ್ತುತ್ತಲೇ ಇರುತ್ತದೆ. ಎಂಜಿನ್ ಇರುವುದು ಆ ವೇಗ ಉಳಿಸಿಕೊಂಡು ಎತ್ತರ ಕಾಯುವುದಕ್ಕೆ. ಅದು ನಿಂತರೆ ಪೈಲಟ್ ಮೂಗನ್ನು ತುಸು ತಗ್ಗಿಸುತ್ತಾನೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಹೋಗುವಂತೆ ವಿಮಾನ ಎತ್ತರವನ್ನು ಖರ್ಚು ಮಾಡಿ ವೇಗ ಕಾಯ್ದುಕೊಳ್ಳುತ್ತದೆ. ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ನೆಲದಿಂದ 3,000 ಅಡಿ ಮೇಲೆ ಎಂಜಿನ್ ನಿಂತರೆ, ಗಾಳಿ ಎದುರಾಗದಿದ್ದರೆ ಎಂಟು ಕಿಲೋಮೀಟರ್ ದೂರ, ನಾಲ್ಕು ನಿಮಿಷದಷ್ಟು ಸಮಯ ಕೈಯಲ್ಲಿರುತ್ತದೆ. ಕಲಿಯುವವರಿಗೆ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಬೋಧಕರು ಹೇಳದೆ ಕೇಳದೆ ಥ್ರಾಟಲ್ ಹಿಂದಕ್ಕೆಳೆದು “ಎಂಜಿನ್ ಹೋಯಿತು, ಎಲ್ಲಿ ಇಳಿಸುತ್ತೀ?” ಎನ್ನುತ್ತಾರೆ. ಆ ಕ್ಷಣದಲ್ಲಿ ಹುಡುಗ ನೋಡಬೇಕಾದದ್ದು ಹೊಲ.

ನಮ್ಮ ಭಾಗದ ಹೊಲಗಳನ್ನೇ ನೋಡಿ. ಹಿಂಗಾರಿ ಕಡಲೆ ಕಿತ್ತ ಮೇಲೆ ಖಾಲಿ ಬಿದ್ದ, ಇನ್ನೂ ನೇಗಿಲು ಹೂಡದ ಹೊಲ ಉತ್ತಮ. ಆಳವಾಗಿ ಉತ್ತ ಎರೆ ಹೊಲದ ಹೆಂಟೆಗಳಲ್ಲಿ ಮುಂದಿನ ಗಾಲಿ ಸಿಕ್ಕಿದರೆ ವಿಮಾನ ಮುಗ್ಗರಿಸಿ ಮಗುಚುತ್ತದೆ. ಮಳೆಗಾಲದ ಎರೆ ಮಣ್ಣಂತೂ ಗಾಲಿಯನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಉತ್ತ ಹೊಲವೇ ಗತಿಯಾದರೆ ಸಾಲಿಗೆ ಅಡ್ಡವಾಗಿ ಇಳಿಯಬಾರದು, ಸಾಲಿನ ಗುಂಟವೇ ಇಳಿಯಬೇಕು. ಆಗುವಷ್ಟು ಗಾಳಿಗೆ ಎದುರಾಗಿ ಬರಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕರೆಂಟಿನ ತಂತಿ. ಮೇಲಿನಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕಂಬಗಳ ಸಾಲನ್ನು ಹುಡುಕಿ ತಂತಿ ಎಲ್ಲಿರಬಹುದೆಂದು ಲೆಕ್ಕ ಹಾಕಬೇಕು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಆದದ್ದು ಸಣ್ಣಪುಟ್ಟ ಗಾಯ.

ಇನ್ನೊಂದು ಮಾತು. ‘ಸ್ಟಾಲ್ ಆಯಿತು’ ಎಂದು ಸುದ್ದಿಯಲ್ಲಿ ಬಂದರೆ ಎಂಜಿನ್ ನಿಂತಿತು ಎಂದು ಓದುವವರು ಬಹಳ. ಅದು ರೆಕ್ಕೆಯ ವಿಷಯ. ಮೂಗನ್ನು ಮಿತಿಮೀರಿ ಎತ್ತಿದಾಗ ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಚದುರುತ್ತದೆ, ಎತ್ತುವ ಶಕ್ತಿ ಕುಸಿಯುತ್ತದೆ. ಎಂಜಿನ್ ಪೂರ್ತಿ ಜೋರಿನಲ್ಲಿ ಓಡುತ್ತಿರುವಾಗಲೂ ಸ್ಟಾಲ್ ಆಗಬಹುದು. ಎಂಜಿನ್ ನಿಂತಾಗ ನೆಲ ಹತ್ತಿರವಾಗುತ್ತಿದೆ ಎಂದು ಗಾಬರಿಯಾಗಿ ಮೂಗೆತ್ತುವುದೇ ಜೀವಕ್ಕೆ ಎರವಾಗುವ ತಪ್ಪು. ಅಲ್ಲಿ ಕೊಲ್ಲುವುದು ನಿಂತ ಎಂಜಿನ್ನಿಗಿಂತ ಹೆಚ್ಚಾಗಿ ಕೈಯ ಗಾಬರಿ. ಅಷ್ಟಕ್ಕೂ ಈ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ತಾವೇ ವಿದ್ಯುತ್ ಹುಟ್ಟಿಸುವ ಎರಡು ಬೇರೆ ಬೇರೆ ಮ್ಯಾಗ್ನೆಟೊ. ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದೆ.

ವಿಮಾನ ಹಾರುವ ಮೊದಲಿನ ತಪಾಸಣೆ ಕಂಡವರಿಗೆ ಈ ಆಟದ ಶಿಸ್ತು ತಿಳಿಯುತ್ತದೆ. ಪೈಲಟ್ ರೆಕ್ಕೆಯಡಿಯ ಕವಾಟದಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಂಧನ ಇಳಿಸಿ ಬೆಳಕಿಗೆ ಹಿಡಿಯುತ್ತಾನೆ. ವಿಮಾನದ ಪೆಟ್ರೋಲಿಗೆ ಬಣ್ಣವೇ ಇಲ್ಲ ಎಂದು ನಂಬಿದವರಿದ್ದಾರೆ; ಈ ಎಂಜಿನ್‌ಗಳಿಗೆ ಹಾಕುವ ಆವ್‌ಗ್ಯಾಸ್ 100 ಎಲ್‌ಎಲ್ ತಿಳಿನೀಲಿ. ತೊಟ್ಟಿಯಲ್ಲಿ ನೀರು ಸೇರಿದ್ದರೆ ಅದು ಲೋಟದ ತಳದಲ್ಲಿ ಬಣ್ಣವಿಲ್ಲದೆ ಬೇರೆಯಾಗಿ ನಿಲ್ಲುತ್ತದೆ. ಬೇರೆ ಇಂಧನ ತುಂಬಿದ್ದರೆ ಬಣ್ಣವೇ ಹೇಳುತ್ತದೆ. ಆಮೇಲೆ ಎಣ್ಣೆಯ ಕಡ್ಡಿ, ರೆಕ್ಕೆಯ ಕೀಲುಗಳು, ಟೈರು. ವೇಗ ಅಳೆಯುವ ಪಿಟೊ ಕೊಳವೆಯ ಬಾಯಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ನೋಡಬೇಕು. ಕಟ್ಟಿದ್ದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಆ ತಿಳಿನೀಲಿ ಆವ್‌ಗ್ಯಾಸನ್ನು ನಾವು ವರ್ಷಗಟ್ಟಲೆ ಹೊರದೇಶದಿಂದ ತರಿಸುತ್ತಿದ್ದೆವು. 2022ರಿಂದ ಇಂಡಿಯನ್ ಆಯಿಲ್ ವಡೋದರದ ಸಂಸ್ಕರಣಾಗಾರದಲ್ಲಿ ತಯಾರಿಸುತ್ತಿದೆ.

‘ಏರ್ ಪಾಕೆಟ್’ ಎನ್ನುವ ಮಾತು ಓದಿದವರ ಬಾಯಲ್ಲೂ ಇದೆ. ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿಗಳಿವೆ, ವಿಮಾನ ಅದರಲ್ಲಿ ಬೀಳುತ್ತದೆ ಎಂದು. ಅಂಥ ಗುಂಡಿ ಎಲ್ಲೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಔರಾದ ಕಡೆಯ ಕಪ್ಪು ನೆಲ ಕಾದು, ಅದರ ಮೇಲಿನ ಗಾಳಿ ಮೇಲೇಳುತ್ತದೆ. ಪಕ್ಕದ ಕೆರೆಯ ಮೇಲೆ, ಹಸಿರು ಕಬ್ಬಿನ ಮೇಲೆ ಗಾಳಿ ಅಷ್ಟು ಕಾಯುವುದಿಲ್ಲ. ಏಳುವ ಗಾಳಿಯಿಂದ ಇಳಿಯುವ ಗಾಳಿಗೆ ದಾಟಿದಾಗ ಆಗುವುದೇ ಆ ಧಡಕ್ಕು. ಏಳುವ ಗಾಳಿಯಲ್ಲೇ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದು.

ಆ ಬಿಸಿಲಿನ ನಿಜವಾದ ಅಪಾಯ ಬೇರೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೀದರ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಉಷ್ಣಾಂಶ 40 ಡಿಗ್ರಿ ಮುಟ್ಟಿದ ದಿನ ಇಲ್ಲಿಯ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಲೆಕ್ಕದಲ್ಲಿ ವಿಮಾನ 5,500 ಅಡಿಗಿಂತ ಎತ್ತರದಿಂದ ಹೊರಟಂತೆ. ಎಂಜಿನ್ನಿಗೆ ಉಸಿರು ಸಾಲದು, ರೆಕ್ಕೆಗೂ ಹಿಡಿತ ಕಡಿಮೆ, ಮೇಲೇಳಲು ರನ್‌ವೇ ಹೆಚ್ಚು ಬೇಕು. ನಾಲ್ಕು ಸೀಟಿದೆ ಎಂದು ನಾಲ್ಕು ಮಂದಿ ದೊಡ್ಡವರು, ತುಂಬಿದ ಇಂಧನ ಎರಡನ್ನೂ ಹೇರಿಕೊಂಡು ಮಧ್ಯಾಹ್ನ ಹೊರಡುವ ಪೈಲಟ್ ಲೆಕ್ಕ ತಪ್ಪಿದವನು. ತಿಳಿದವರು ಬೆಳಗಿನ ತಂಪಿನಲ್ಲಿ ಹಾರಿ ಮುಗಿಸುತ್ತಾರೆ.

ಮಳೆ ಕೈಕೊಟ್ಟ ವರ್ಷ ಕೇಳಿಬರುವ ಮಾತು ಮನಸ್ಸಿಗೆ ನೋವುಂಟುಮಾಡುವಂಥದು: “ವಿಮಾನ ಬಂದು ಮೋಡ ಓಡಿಸಿತು.” ಉದ್ದು, ಹೆಸರು ಬಿತ್ತಿ ಆಕಾಶ ನೋಡುವವನಿಗೆ ಕಾರಣವೊಂದು ಬೇಕಾಗುತ್ತದೆ, ಅವನನ್ನು ದೂರಲಾರೆ. ಆದರೆ ಒಂದು ಕಿಲೋಮೀಟರ್ ಅಗಲದ ಸಾಧಾರಣ ಮೋಡದಲ್ಲಿ ಐನೂರು ಟನ್ನಿನಷ್ಟು ನೀರಿರುತ್ತದೆ. ಒಂದು ಟನ್ನಿಗಿಂತ ತುಸು ಹೆಚ್ಚು ತೂಗುವ ಪುಟ್ಟ ವಿಮಾನ ಅದನ್ನು ಚದುರಿಸಲಾರದು. ಸರ್ಕಾರ 2003ರಲ್ಲಿ ವರುಣ ಹೆಸರಿನಲ್ಲೂ 2017ರಲ್ಲಿ ವರ್ಷಧಾರಿ ಹೆಸರಿನಲ್ಲೂ ವಿಮಾನ ಕಳಿಸಿದ್ದು ಮೋಡ ಬಿತ್ತನೆಗೆ, ಅಂದರೆ ಮಳೆ ತರಿಸುವುದಕ್ಕೆ. ಗಡಿಯಾಚೆಯ ಸೊಲ್ಲಾಪುರದಲ್ಲಿ ಪುಣೆಯ ಐಐಟಿಎಂ ವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ ಮಳೆ ಶೇ 18ರಷ್ಟು ಹೆಚ್ಚಿತೆಂಬ ಲೆಕ್ಕ ಸಿಕ್ಕಿತು. ಅದೂ ಸರಿಯಾದ ಮೋಡ ಇದ್ದಾಗ ಮಾತ್ರ. ಬರಿಯ ಆಕಾಶದಿಂದ ಮಳೆ ತೆಗೆಯಲು ಯಾವ ವಿಮಾನಕ್ಕೂ ಆಗದು.

ಹವ್ಯಾಸಿ ಪೈಲಟ್ ಮೋಡವನ್ನು ಓಡಿಸುವುದಿರಲಿ, ಮೋಡ ಕಂಡರೆ ತಾನೇ ದೂರ ಸರಿಯಬೇಕು. ಉಪಕರಣ ನೋಡಿಯೇ ಹಾರುವ ವಿಶೇಷ ತರಬೇತಿ ಇಲ್ಲದವನು ಮೋಡದೊಳಗೆ ಹೋದರೆ ಮೇಲೆ ಕೆಳಗೆ ತಿಳಿಯದಾಗುತ್ತದೆ. ಕಿವಿಯೊಳಗಿನ ಸಮತೋಲನ ವಿಮಾನ ವಾಲಿದ್ದರೂ ನೆಟ್ಟಗಿದೆ ಎನ್ನುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಅಂಥ 20 ಪೈಲಟ್‌ಗಳ ಹೊರನೋಟ ಮರೆಮಾಡಿ ಪರೀಕ್ಷಿಸಿದಾಗ ಎಲ್ಲರೂ ಹತೋಟಿ ಕಳೆದುಕೊಂಡರು. ಸರಾಸರಿ ತೆಗೆದುಕೊಂಡ ಸಮಯ 178 ಸೆಕೆಂಡು. ಮೂರು ನಿಮಿಷವೂ ಪೂರ್ತಿ ಅಲ್ಲ.

ಹಾಗಾದರೆ ಪುಟ್ಟ ವಿಮಾನ ಸುರಕ್ಷಿತವೇ? ದೊಡ್ಡ ವಿಮಾನದಷ್ಟೇ ಸುರಕ್ಷಿತ ಎನ್ನುವ ಉತ್ಸಾಹಿಗಳ ಮಾತನ್ನೂ ಒಪ್ಪಬೇಡಿ. ಖಾಸಗಿ ಹಾರಾಟ ಅತಿ ಹೆಚ್ಚಿರುವ ಅಮೆರಿಕದಲ್ಲಿ ಒಂದು ಲಕ್ಷ ಗಂಟೆ ಹಾರಾಟಕ್ಕೆ ಸುಮಾರು ಒಂದು ಪ್ರಾಣಾಂತಿಕ ಅಪಘಾತ ಆಗುತ್ತದೆ. ವಿಮಾನ ಕಂಪನಿಗಳ ದೊಡ್ಡ ವಿಮಾನಗಳಿಗಿಂತ ಇದು ಬಹುಪಟ್ಟು ಹೆಚ್ಚು. ಆದರೆ ಇಲ್ಲಿ ಅಪಾಯದ ದೊಡ್ಡ ಪಾಲು ಪೈಲಟ್‌ನ ನಿರ್ಧಾರದಲ್ಲಿದೆ. ಹವೆ ಕೆಟ್ಟಿದ್ದರೂ ಹೊರಡುವುದು, ಇಂಧನ ಅಳೆಯದಿರುವುದು, ತೂಕ ಮೀರುವುದು. ಮಗ ಫೋಟೊ ಕಳಿಸಿದಾಗ ತಾಯ್ತಂದೆ ಎಂಜಿನ್ ಬಗ್ಗೆ ಕೇಳುವ ಬದಲು “ಹವಾ ಛಲೋ ಇರಲಿಲ್ಲಂದ್ರ ವಾಪಸ್ ಬರ್ತಿ ಇಲ್ಲಪಾ?” ಎಂದು ಕೇಳುವುದು ಹೆಚ್ಚು ಸರಿ.

ಲೈಸೆನ್ಸ್ ಸಿಕ್ಕರೆ ಜನರನ್ನು ಕೂರಿಸಿ ದುಡಿಯಬಹುದು ಎಂಬುದೂ ತಪ್ಪು. ಖಾಸಗಿ ಪೈಲಟ್ ಗೆಳೆಯರನ್ನು ಕರೆದೊಯ್ಯಬಹುದು, ಬಾಡಿಗೆ ಪಡೆಯುವಂತಿಲ್ಲ. ಅಮೆರಿಕದಲ್ಲಿ ಇಂಧನದ ಖರ್ಚನ್ನು ಸಮಪಾಲು ಹಂಚಿಕೊಳ್ಳಲು ಬಿಡುತ್ತಾರೆ, ಅಷ್ಟೇ. ದುಡಿಮೆಗೆ ಬೇಕಾದದ್ದು ಕಮರ್ಷಿಯಲ್ ಲೈಸೆನ್ಸ್, ಅದಕ್ಕೆ 200 ಗಂಟೆ ಹಾರಿರಬೇಕು.

ಕೊನೆಯದಾಗಿ, ನಮ್ಮ ಹುಡುಗ ಹುಡುಗಿಯರನ್ನು ಹಿಂದಕ್ಕೆಳೆಯುವ ನಂಬಿಕೆ: ವಾಯುಪಡೆ ಸೇರದೆ, ವಿಜ್ಞಾನ ಓದದೆ, ಕನ್ನಡಕವಿದ್ದರೆ ವಿಮಾನ ಹಾರಿಸಲಾಗದು ಎನ್ನುವುದು. ಖಾಸಗಿ ಪೈಲಟ್ ಲೈಸೆನ್ಸಿಗೆ ಬೇಕಾದದ್ದು 17 ವರ್ಷ, ಹತ್ತನೇ ತರಗತಿ ಪಾಸು, ಕನಿಷ್ಠ 40 ಗಂಟೆ ಹಾರಾಟ, ಲಿಖಿತ ಪರೀಕ್ಷೆ. ಕಲಿಯಲು 16ಕ್ಕೇ ಶುರು ಮಾಡಬಹುದು. ಕನ್ನಡಕದಿಂದ ದೃಷ್ಟಿ ಸರಿಯಾಗುವುದಾದರೆ ಅಡ್ಡಿಯಿಲ್ಲ. ಇದು ಕರ್ನಾಟಕಕ್ಕೆ ಪರಕೀಯವಾದ ಹವ್ಯಾಸವೂ ಅಲ್ಲ. ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್, ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಬೆಂಗಳೂರಿನಲ್ಲಿ ಕಟ್ಟಿದ ಎರಡು ಸೀಟಿನ ಬಟ್ಟೆಹೊದಿಕೆಯ ವಿಮಾನ. ಎನ್‌ಎಎಲ್‌ನ ತರಬೇತಿ ವಿಮಾನ ಹಂಸ ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೇ ಮೊದಲ ಬಾರಿ ಹಾರಿತು.

ಅಡ್ಡಿಯಾಗುವುದು ಹಣ, ಅದನ್ನು ಮುಚ್ಚಿಡಬಾರದು. ತರಬೇತಿಯ ಒಂದು ಗಂಟೆಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚೇ ತಗಲುತ್ತದೆ. 40 ಗಂಟೆ ಎಂದರೆ ಹಲವು ಲಕ್ಷ. ಬೀದರ್‌ನಲ್ಲಿ ನಾಗರಿಕ ಫ್ಲೈಯಿಂಗ್ ಕ್ಲಬ್ ಇಲ್ಲ. ಸಂತಪುರದಿಂದ ಹೊರಟವರಿಗೆ ಹತ್ತಿರವೆಂದರೆ ಕಲಬುರಗಿ ವಿಮಾನ ನಿಲ್ದಾಣದ ತರಬೇತಿ ಅಥವಾ ಹೈದರಾಬಾದ್‌ನ ಬೇಗಂಪೇಟೆ. ದೂರ ಹೋಗುವುದಾದರೆ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ. ಎಲ್ಲಿಗೆ ಹೋದರೂ ಶುಲ್ಕ ಕಟ್ಟುವ ಮೊದಲು ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರಲ್ಲಿ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಬಣ್ಣ ಗುರುತಿಸುವ ದೋಷ, ಕಿವಿಯ ತೊಂದರೆ ಇದ್ದರೆ ಅಲ್ಲೇ ತಿಳಿಯುತ್ತದೆ, ಹೊಲ ಒತ್ತೆಯಿಟ್ಟು ಹಣ ಕಟ್ಟಿದ ಮೇಲೆ ಅಲ್ಲ.